ಸುಮ್ಮನಿರುವ ಹಕ್ಕು

ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದು ನಿಜ. ಆದರೆ ಆ ಬಂಗಾರವನ್ನು ಸರಕಾರ ಜಪ್ತಿ ಮಾಡಬಹುದೆಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಕ್ಕಿಲ್ಲ. ಈ ಕಥೆ ನಡೆಯುವ ಹೊತ್ತಿಗೆ ಜಪ್ತಿಯಾಗಿ ಹನ್ನೊಂದು ವರ್ಷ ಕಳೆದಿತ್ತು. ಕೊಲೆಯ ಅಪರಾಧ ಸಾಬೀತಾದವರಿಗೆ ಸುಮ್ಮನಿರುವ ಹಕ್ಕು ಇಲ್ಲ ಎಂದು ಕಾಯ್ದೆ ಬಂದಿತ್ತು. "ಸತ್ತವನಿಗಿಲ್ಲದ ಹಕ್ಕು ಕೊಂದವನಿಗೇಕೆ?" ಎಂದು ಬಸ್ಸುಗಳ ಹಿಂಬದಿಯಲ್ಲಿ ಬರೆಸಿದ್ದರು. ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ, ಹಾಗಾಗಿ ಯಾರೂ ಕೊಡಲೂ ಇಲ್ಲ.

ಬಾಯಿ ಮುಚ್ಚಿಕೊಂಡವರನ್ನು ಮಾತಾಡಿಸುವುದು ಹೇಗೆ? ಹೊಡೆಯಬೇಕಿಲ್ಲ, ಬಡಿಯಬೇಕಿಲ್ಲ. ನಾವು ಮನಸ್ಸಿನಲ್ಲೇ ಮಾತಾಡಿಕೊಳ್ಳುವಾಗಲೂ ನಾಲಿಗೆಯ ಬುಡ, ಗಂಟಲಿನ ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಅದುರುತ್ತವೆ. ಹೆಬ್ಬೆರಳಗಲದ ಪಟ್ಟಿಯೊಂದನ್ನು ಗಂಟಲಿಗೆ ಅಂಟಿಸಿದರೆ ಅದು ಆ ಅದುರುವಿಕೆಯನ್ನು ಹಿಡಿಯುತ್ತದೆ. ಯಂತ್ರ ಅದನ್ನು ಅಕ್ಷರ ಮಾಡಿ ಪರದೆಗೆ ಕಳಿಸುತ್ತದೆ. ಮನಸ್ಸಿನಲ್ಲಿ ಮೂಡುವ ಚಿತ್ರ ಅದಕ್ಕೆ ಸಿಗುವುದಿಲ್ಲ, ಮಾತು ಮಾತ್ರ ಸಿಗುತ್ತದೆ. ಅಷ್ಟು ಸಾಕಾಗಿತ್ತು. ಕಾಯ್ದೆ ಬಂದ ಮೊದಲ ವರ್ಷವೇ ಒಬ್ಬ ಕೊಲೆಗಾರನ ಮನಸ್ಸಿನಿಂದ ಪಾಳುಗೋದಾಮೊಂದರ ಗುರುತು ಸಿಕ್ಕಿ, ಅಲ್ಲಿ ಕೂಡಿಹಾಕಿದ್ದ ಏಳು ವರ್ಷದ ಹುಡುಗಿ ಜೀವಂತ ಮನೆಗೆ ಬಂದಿದ್ದಳು. ಆಮೇಲೆ ಪಟ್ಟಿಯ ವಿರುದ್ಧ ಮಾತಾಡಿದವರನ್ನೇ ಜನ ಅನುಮಾನದಿಂದ ನೋಡತೊಡಗಿದರು.

ಹೀಗೆ ಗಂಟಲಿನಿಂದ ಬಂದದ್ದನ್ನು ಓದುವ ಕಚೇರಿಗೆ ಆಲಿಕೆ ಕೇಂದ್ರ ಎಂದು ಹೆಸರು. ಧಾರವಾಡದ ಬೈಪಾಸ್ ರಸ್ತೆಯ ಕೇಂದ್ರದಲ್ಲಿ ವಿರೂಪಾಕ್ಷ ಗಾಣಿಗೇರ ಹಿರಿಯ ಆಲಿಕೆದಾರ. ವಯಸ್ಸು ಮೂವತ್ತೊಂಬತ್ತು. ಬೇರೆಯವರು ನಾಲ್ಕು ಸಾಲು ಓದಿ ಬಿಡುವಲ್ಲಿ ಇವನು ಸಾಲಿನ ಹಿಂದಿನ ಸಾಲನ್ನು ಹುಡುಕುವವನು. ಹಗ್ಗ ಕಂಡರೆ ಹಾವೇ ಎಂದು ನೋಡುವವರಿದ್ದಾರೆ. ಇವನು ಹಾವೇ ಹಗ್ಗದಂತೆ ನಟಿಸುತ್ತಿದೆಯೇ ಎಂದು ನೋಡುವ ಜಾತಿ. ಕೇಂದ್ರದಲ್ಲಿ ಅದಕ್ಕಾಗಿ ಅವನಿಗೆ ಎರಡು ಸಲ ಶಾಲು ಹೊದಿಸಿದ್ದರು.

ಆ ಮಂಗಳವಾರ ಮಧ್ಯಾಹ್ನ ಅವನ ಪರದೆಯ ಮೇಲೆ ಸಾಲೊಂದು ಮೂಡಿತು.

"ಕೇಳಾವ್ರ, ಊಟಾ ಆತೇನ್ರಿ?"

ದಿನಾ ಒಂದೂವರೆಗೆ ಸರಿಯಾಗಿ ಈ ಪ್ರಶ್ನೆ ಬರುತ್ತಿತ್ತು. ಕಳಿಸುತ್ತಿದ್ದವಳು ಗುರುಸಿದ್ದವ್ವ, ಅಣ್ಣಿಗೇರಿಯವಳು, ಅರವತ್ತಾರು ವರ್ಷ. ಹತ್ತು ವರ್ಷದ ಹಿಂದೆ ಖಾರ ಅರೆಯುವ ಗುಂಡಕಲ್ಲಿನಿಂದ ಗಂಡನ ತಲೆಗೆ ಹೊಡೆದು ಕೊಂದಿದ್ದಳು. "ನಾನಽ ಹೊಡದೀನ್ರಿ" ಎಂದು ನ್ಯಾಯಾಲಯದಲ್ಲಿ ಒಂದೇ ಮಾತು ಹೇಳಿ ಸುಮ್ಮನಾಗಿದ್ದಳು. ಅವಳಿರುವುದು ಹದಿನೆಂಟು ಕಿಲೋಮೀಟರ್ ಆಚೆಯ ಜೈಲಿನಲ್ಲಿ. ತನ್ನ ಮನಸ್ಸನ್ನು ಯಾರೋ ಓದುತ್ತಿದ್ದಾರೆಂದು ಅವಳಿಗೆ ಗೊತ್ತು. ಯಾರು, ಏನು, ಗಂಡೋ ಹೆಣ್ಣೋ ಗೊತ್ತಿಲ್ಲ. ಆದರೂ 'ಕೇಳುವವರೇ' ಎಂದು ಕರೆದು ಕೇಳುವಳು. ಯಂತ್ರ ಆ ಸಾಲಿನ ಪಕ್ಕದಲ್ಲಿ ಹಳದಿ ಬಣ್ಣದಲ್ಲಿ "ಪ್ರಭಾವ ಬೀರುವ ಯತ್ನ" ಎಂದು ಬರೆಯುವುದು. ವಿರೂಪಾಕ್ಷನೂ ಹಾಗೇ ತಿಳಿದಿದ್ದ. ಕೊಲೆಗಾತಿಗೆ ನನ್ನ ಊಟದ ಚಿಂತೆ ಯಾಕೆ?

ಆ ಶುಕ್ರವಾರ ಅವಳ ವಿಚಾರಣೆ ಇತ್ತು. ಎಂಟು ವರ್ಷ ಪಟ್ಟಿ ಧರಿಸಿದ ಕೈದಿಯ ಪಶ್ಚಾತ್ತಾಪ ಎಷ್ಟೆಂದು ಯಂತ್ರ ನೂರಕ್ಕೆ ಅಂಕ ಹಾಕುತ್ತದೆ. ನಲವತ್ತು ದಾಟಿದರೆ ಪಟ್ಟಿ ಬಿಚ್ಚಿ ಮನೆಗೆ ಕಳಿಸುತ್ತಾರೆ. ಅಣ್ಣಿಗೇರಿಯಲ್ಲಿ ಅವಳ ಮಗಳು ಒಂದು ಕೋಣೆ ಸುಣ್ಣ ಬಳಿಸಿ ಕಾಯುತ್ತಿದ್ದಳು. ಅದಕ್ಕಿಂತ ಕಡಿಮೆಯಾದರೆ ಜೈಲೇ ಮುಂದುವರಿಯುತ್ತದೆ, ಸೊನ್ನೆ ಬಂದರೆ ಶೋಧನೆ. ಅಂದರೆ ತಲೆಬುರುಡೆಯಲ್ಲಿ ಹನ್ನೆರಡು ತೂತು ಕೊರೆದು, ಕೂದಲಿಗಿಂತ ಸಣ್ಣ ತಂತಿ ಇಳಿಸಿ, ಮಾತಾಗದೆ ಒಳಗೆ ಉಳಿದದ್ದನ್ನೂ ಹೊರಗೆಳೆಯುವುದು. ಶೋಧನೆ ಆದವರಲ್ಲಿ ಹತ್ತಕ್ಕೆ ಮೂವರಿಗೆ ಆಮೇಲೆ ಮಾತೇ ಬರುತ್ತಿರಲಿಲ್ಲ.

ಗುರುಸಿದ್ದವ್ವನ ಅಂಕ ಸೊನ್ನೆ.

ಕಾರಣ ಸರಳ. ಎಣಿಕೆ ಶುರುವಾಗುವುದೇ ಸತ್ತವರ ಹೆಸರಿನಿಂದ. ಕೈದಿ ಮನಸ್ಸಿನಲ್ಲಿ ಆ ಹೆಸರು ಎಷ್ಟು ಸಲ ತೆಗೆದ, ತೆಗೆದಾಗ ಎದೆ ಹೇಗೆ ಬಡಿಯಿತು ಎಂಬುದೇ ಮೂಲ. ಹೆಸರಿಲ್ಲದಿದ್ದರೆ ಮುಂದಿನ ಲೆಕ್ಕವೇ ಇಲ್ಲ. ಮಲ್ಲೇಶಪ್ಪ ಎಂಬ ಹೆಸರು ಗುರುಸಿದ್ದವ್ವನ ಮನಸ್ಸಿನಲ್ಲಿ ಎಂಟು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. ತಾನು ಕೊಂದವನನ್ನು ಕನಸಿನಲ್ಲಾದರೂ ಕರೆಯದೆ ಇರುವವರುಂಟೇ? ಇದು ಬೇಕೆಂದೇ ಕಟ್ಟಿದ ಬೇಲಿ, ಈ ಮುದುಕಿ ಮಹಾ ಪಾಕಡಾ, ಬೇಲಿಯೊಳಗೆ ಇನ್ನೇನೋ ಬಚ್ಚಿಟ್ಟಿದ್ದಾಳೆ ಎಂದು ಆರು ತಿಂಗಳ ಹಿಂದೆ ಮೊದಲು ಬರೆದು ಕಳಿಸಿದವನು ವಿರೂಪಾಕ್ಷನೇ.

"ಶುಕ್ರವಾರ ಕಮಿಟಿ ಮುಂದ ನಿನಗ ಒಂದಽ ಕೆಲಸ," ಎಂದರು ಕೇಂದ್ರದ ಮುಖ್ಯಸ್ಥ ಸರದೇಸಾಯಿ ಸಾಹೇಬರು, ಅವನ ಖುರ್ಚಿಯ ಹಿಂದೆ ನಿಂತು. "ಶೋಧನೆಗೆ ಹೂಂ ಅಂತ ಒತ್ತು. ಮುಗೀತು."

"ಇಲ್ಲಾ ಅಂತ ಒತ್ತಿದವ್ರು ಯಾರರೆ ಅದಾರೇನ್ರಿ ಸರ್?"

"ಒತ್ತಿದ್ರ ಮೂರು ಪುಟ ವಿವರಣೆ ಬರೀಬೇಕಾಗತೈತಿ. ಹೂಂ ಅಂದ್ರ ಒಂದ ಅಕ್ಷರನೂ ಬ್ಯಾಡ. ನೀನಽ ಹೇಳು, ಯಾರು ಒತ್ಯಾರು?"

ವಿರೂಪಾಕ್ಷ ನಕ್ಕ. ಆಗ ಅದು ನಗುವ ಮಾತೇ ಆಗಿತ್ತು.

ಎಂಟು ತಾಸು ಬೇರೆಯವರ ಗಂಟಲು ಓದಿ ಮನೆಗೆ ಬಂದವನಿಗೆ ಮನೆಯ ಗಂಟಲುಗಳ ಮೇಲೂ ಕಣ್ಣು ಬೀಳದೆ ಇರುತ್ತದೆಯೇ? ಹೆಂಡತಿ ಶಶಿಕಲಾ ಕನ್ನಡ ಶಾಲೆಯ ಮಾಸ್ತರಿಣಿ. ಅವಳು ಅಡುಗೆಮನೆಯಲ್ಲಿ ಸುಮ್ಮನೆ ಪಲ್ಯ ಹೆಚ್ಚುತ್ತಿದ್ದರೆ ಇವನು ಬಾಗಿಲಲ್ಲಿ ನಿಂತು ಅವಳ ಕೊರಳನ್ನೇ ನೋಡುತ್ತಿದ್ದ. ಅಲ್ಲಿ ಏನೋ ಅದುರಿತು. ಏನಂದುಕೊಂಡಳು? ನನ್ನ ಬಗ್ಗೆಯೇ ಇರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ಅವನಿಗೆ ಲೋಕದ ಮೌನವೆಲ್ಲ ತನ್ನ ಮೇಲಿನ ದೂರಾಗಿ ಕೇಳುತ್ತಿತ್ತು.

ಆ ಸಂಜೆ ಅವಳು ಕೊರಳಿಗೆ ಓಡಣಿ ಬಿಗಿದು ಸುತ್ತಿಕೊಂಡು ಕುಳಿತಿದ್ದಳು.

"ಯಾಕ, ಥಂಡಿ ಏನು?" ಎಂದ.

"ಥಂಡಿ ಅಲ್ಲ ವಿರೂ. ನಿನ್ನ ಕಣ್ಣು."

ಅಷ್ಟರಲ್ಲಿ ನಡುಮನೆಯಿಂದ ತಾಯಿ ಬಾಳವ್ವನ ದನಿ ಬಂತು. "ಶಶೀ, ಬಾ ಇಲ್ಲೆ. ಈ ಪೆಟಿಗಿ ಮತ್ತ ಶುರು ಮಾಡೇತಿ."

ಬಾಳವ್ವನಿಗೆ ಎಪ್ಪತ್ತೆರಡು. ರಕ್ತದೊತ್ತಡದ ಗುಳಿಗೆ ಸರಕಾರದಿಂದ ಬರುತ್ತಿತ್ತು, ಮಾತಾಡುವ ಪೆಟ್ಟಿಗೆಯಲ್ಲಿ. ಹಳೆಯ ಪೆಟ್ಟಿಗೆ ಬೆರಳೊತ್ತಿದರೆ ತೆರೆಯುತ್ತಿತ್ತು. ಅವತ್ತೇ ಬಂದ ಹೊಸತು ಹಾಗಲ್ಲ. ಧ್ವನಿ ಗುರುತು ಹಿಡಿಯಲು ಒಂದು ಪ್ರಶ್ನೆ ಕೇಳುವುದು.

"ನಿಮ್ಮ ಪತಿಯ ಹೆಸರು ಹೇಳಿ," ಎಂದಿತು ಪೆಟ್ಟಿಗೆ, ಬಹಳ ಮರ್ಯಾದೆಯಿಂದ.

ಬಾಳವ್ವ ಸೊಸೆಯ ಕಡೆ ನೋಡಿದಳು. ಶಶಿಕಲಾ ಬಗ್ಗಿ, "ಚನ್ನಮಲ್ಲಪ್ಪ" ಎಂದಳು.

"ಧ್ವನಿ ಹೊಂದುತ್ತಿಲ್ಲ. ನಿಮ್ಮ ಪತಿಯ ಹೆಸರು ಹೇಳಿ."

ಬಾಳವ್ವ ಗೋಡೆಯ ಮೇಲಿದ್ದ ಗಂಡನ ಫೋಟೊದ ಕಡೆ ಬೆರಳು ತೋರಿಸಿದಳು. ಪೆಟ್ಟಿಗೆಗೆ ಕಣ್ಣಿರಲಿಲ್ಲ. "ಅವರಽ, ಇವನ ಅಪ್ಪಾರು," ಎಂದಳು. ಪೆಟ್ಟಿಗೆ ಅದನ್ನೂ ಒಪ್ಪಲಿಲ್ಲ. ಮೂರನೆಯ ಸಲಕ್ಕೆ ಟಕ್ ಎಂದು ಬೀಗ ಹಾಕಿಕೊಂಡು, ನಾಳೆ ಪ್ರಯತ್ನಿಸಿ ಎಂದಿತು.

ವಿರೂಪಾಕ್ಷನಿಗೆ ಸಿಟ್ಟು ಬಂತು. "ಒಂದು ಹೆಸರು ಹೇಳಾಕ ಏನಾಗತೈತವ್ವಾ ನಿನಗ? ಅಪ್ಪ ಹೋಗಿ ಒಂಬತ್ತ ವರ್ಷ ಆತು. ಗುಳಿಗಿ ಬ್ಯಾಡೇನು?"

"ಹೇಳೂದಿದ್ರ ಅವರು ಇದ್ದಾಗಽ ಹೇಳತಿದ್ದಿಲ್ಲೇನು?" ಎಂದಳು ಬಾಳವ್ವ. "ನಿನ್ನ ಹೇಣ್ತಿ ನಿನ್ನ ಹೆಸರು ಹಿಡದು ಕರೀತಾಳ, ಕರೀಲಿ, ನಾ ಬ್ಯಾಡ ಅನ್ನೂದಿಲ್ಲ. ನಮ್ಮ ಕಾಲದಾಗ ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತಿದ್ರು."

"ಹೋದವರಿಗೆ ಎಲ್ಲಿ ಆಯುಷ್ಯ?"

"ನಾಲಿಗಿಗೆ ಅದು ತಿಳೀಬೇಕಲ್ಲ."

ಅವನು ಬೀಗ ಒಡೆಯಲು ಸುತ್ತಿಗೆ ಹುಡುಕುತ್ತ ಎದ್ದವನು ಅಲ್ಲೇ ನಿಂತ. ತಿರುಗಿ ಮೆಲ್ಲಗೆ ಕೇಳಿದ. "ಬಾಯಿಲೆ ಬ್ಯಾಡವ್ವಾ. ಮನಸಿನ್ಯಾಗರೆ ಅಂತೀಯೇನು ಆ ಹೆಸರು?"

ತಾಯಿ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. "ಮನಸಿನ್ಯಾಗ ಅಂದ್ರೂ ಅಂದಂಗಽ ಅಲ್ಲೇನೋ?"

ಬುಧವಾರ ಬೆಳಿಗ್ಗೆ ಕೇಂದ್ರಕ್ಕೆ ಎಲ್ಲರಿಗಿಂತ ಮೊದಲು ಬಂದು ಕುಳಿತ. ಗುರುಸಿದ್ದವ್ವನ ಎಂಟು ವರ್ಷದ ದಾಖಲೆ ತೆರೆದು, ಹೆಸರು ಬಿಟ್ಟು, "ಅವರು" ಎಂಬ ಮಾತನ್ನು ಹುಡುಕಿದ. ಮೂವತ್ತೊಂದು ಸಾವಿರ ಸಲ ಸಿಕ್ಕಿತು. ಆರು ತಿಂಗಳಿಂದ ಈ ಸಾಲುಗಳನ್ನು ಅವನು ಓದಿರಲಿಲ್ಲವೆಂದಲ್ಲ. ಓದಿದ್ದ, ಓದಿ, ಹೊರಗೆ ಯಾರೋ ಬದುಕಿರುವ ಗಂಡಸಿನ ಜೊತೆ ಇವಳ ಸಂಬಂಧವಿದೆ ಎಂದು ಅನುಮಾನಿಸಿ, ಜೈಲಿನಲ್ಲಿ ಅವಳನ್ನು ನೋಡಲು ಬರುವವರ ಹೆಸರು ತರಿಸಿದ್ದ. ಮಗಳನ್ನು ಬಿಟ್ಟು ಯಾರೂ ಬರುತ್ತಿರಲಿಲ್ಲ.

ಈಗ ಮತ್ತೆ ಓದಿದ.

"ಇವತ್ತ ಬ್ಯಾಳಿ ನೀರಾಗೇತಿ. ಅವರಿದ್ರ ತಾಟ ಸರಸತಿದ್ರು."

"ಅವರು ಕೈ ಎತ್ತಿದಾಗೆಲ್ಲಾ ನಾ ಕಣ್ಣ ಮುಚ್ಚತಿದ್ದೆ. ಆವತ್ತೊಂದ ದಿನ ಮುಚ್ಚಲಿಲ್ಲ."

"ಇವತ್ತ ಅವರ ದಿನ. ನನ್ನ ಕೈಲೆ ಆದದ್ದು. ನನ್ನ ಕೈಲೆ ಎಡಿ ಹಿಡದ್ರ ಮುಟ್ಟತೈತೋ ಇಲ್ಲೋ."

ಈ ಕೊನೆಯ ಸಾಲು ಎಂಟು ವರ್ಷದಲ್ಲಿ ಎಂಟು ಸಲ ಇತ್ತು, ಪ್ರತಿ ವರ್ಷ ಅದೇ ತಾರೀಖು. ವಿರೂಪಾಕ್ಷ ಆ ಎಂಟನ್ನೂ ಒಂದರ ಕೆಳಗೊಂದು ಬರೆದುಕೊಂಡ. ಹುಟ್ಟುಗುಣ ಮಾತ್ರ ಬಿಡಲಿಲ್ಲ. ಓದುವವರಿದ್ದಾರೆಂದು ಗೊತ್ತಿದ್ದೇ ಹೀಗೆ ಅಂದುಕೊಂಡಿದ್ದರೆ? ದಿನಾ ಊಟ ಕೇಳುವವಳು ನಾಟಕ ಆಡಲಾರಳೇ?

ಸರದೇಸಾಯಿ ಸಾಹೇಬರ ಕೋಣೆಗೆ ಹೋಗಿ ವಿಷಯ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿದರು.

"ನಮ್ಮವ್ವನೂ ಹೇಳತಿದ್ದಿಲ್ಲ ಬಿಡು. ಆದ್ರ ಮಷಿನ್ ಮಾಡಿದ ಹುಡುಗೂರಿಗೆ ಇದೆಲ್ಲಾ ಹೆಂಗ ಗೊತ್ತಾಗಬೇಕು? ಈಗ ತಪ್ಪೈತಿ ಅಂದ್ರ ಇಲ್ಲಿತನಾ ಶೋಧನೆ ಆದವರ ಮನಿಯವರೆಲ್ಲಾ ಬಂದು ಕುಂಡರತಾರ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಪುರಾವೆ ಇದ್ರ ತಗೊಂಬಾ. ಇಲ್ಲಾಂದ್ರ ಹೂಂ ಅಂತ ಒತ್ತು."

"ಎಂಥಾ ಪುರಾವೆ ಬೇಕ್ರಿ?"

"ಕೊಲಿ ಮಾಡಲಾರದಾಕಿ, ಗಂಡ ಸತ್ತದ್ದಕ್ಕ ಖರೇನಽ ಅಳೂವಾಕಿ, ಹೆಸರು ತಗೀದಽ ಇದ್ದದ್ದು ಮಷಿನ್‌ನ್ಯಾಗ ಬಂದಿರಬೇಕು. ಅಂಥಾಕಿಗೆ ಪಟ್ಟಿ ಹಚ್ಚಿದವ್ರು ಯಾರದಾರ? ಯಾರೂ ಇಲ್ಲ."

ಕೇಂದ್ರದ ಮೇಜಿನ ಡ್ರಾಯರಿನಲ್ಲಿ ಪರೀಕ್ಷೆಗೆಂದು ಇಟ್ಟ ಪಟ್ಟಿಗಳಿರುತ್ತವೆ. ಆಲಿಕೆದಾರರು ತಿಂಗಳಿಗೊಮ್ಮೆ ತಮ್ಮದೇ ಗಂಟಲಿಗೆ ಅಂಟಿಸಿ ಯಂತ್ರ ಸರಿಯಿದೆಯೇ ನೋಡುತ್ತಾರೆ. ಆ ದಿನ ಸಂಜೆ ಹದಿನಾಲ್ಕನೆಯ ನಂಬರಿನ ಪಟ್ಟಿ, ಅದರ ಅಂಗೈಯಗಲದ ಪರದೆಯ ಸಮೇತ, ವಿರೂಪಾಕ್ಷನ ಕಿಸೆಯಲ್ಲಿ ಮನೆಗೆ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಅವನು ಮಾಡಿದ ಮೊದಲ ಕಳ್ಳತನ ಅದು.

ಗುರುವಾರ ಬೆಳಿಗ್ಗೆ ಶಶಿಕಲಾ ಶಾಲೆಗೆ ಹೋದ ಮೇಲೆ ಅವನು ತಾಯಿಯ ಎದುರು ಮಣೆ ಹಾಕಿ ಕುಳಿತ. ಬಾಳವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಅವ್ವಾ, ಇದನ್ನ ಹತ್ತ ನಿಮಿಷ ಕೊರಳಿಗೆ ಹಚಗೋತೀಯೇನು?"

ಅವಳು ಪಟ್ಟಿಯನ್ನು ಮುಟ್ಟದೆ ನೋಡಿದಳು. "ಕೊಲಿ ಮಾಡಿದವ್ರಿಗೆ ಹಚ್ಚೂದಲ್ಲ ಇದು?"

"ಹೌದು. ನಿನ್ನ ವಯಸ್ಸಿನ ಒಬ್ಬಾಕಿ ಅದಾಳ. ಗಂಡನ ಹೆಸರು ಮನಸಿನ್ಯಾಗ ತಗೊಳ್ಳಿಲ್ಲ ಅಂತ ಆಕಿ ತಲಿ ಕೊರೀತಾರ ನಾಳೆ. ನೀ ಸುಮ್ಮ ಅಪ್ಪನ್ನ ನೆನಸು, ಅಷ್ಟಽ. ನಿನ್ನ ಮನಸಿನ್ಯಾಗೂ ಹೆಸರು ಬರಲಿಲ್ಲಾಂದ್ರ ಆಕಿ ಉಳೀತಾಳ."

"ಆಕಿ ಗಂಡನ್ನ ಕೊಂದಾಳೇನು?"

"ಕೊಂದಾಳ."

ಬಾಳವ್ವ ಸೊಪ್ಪಿನ ಕೈ ಸೆರಗಿಗೆ ಒರೆಸಿಕೊಂಡಳು. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಗದ್ದ ಎತ್ತಿ, "ಹಚ್ಚು," ಎಂದಳು.

ಪಟ್ಟಿ ಅಂಟಿತು. ವಿರೂಪಾಕ್ಷ ಕೈಯಲ್ಲಿದ್ದ ಚಿಕ್ಕ ಪರದೆ ನೋಡತೊಡಗಿದ.

"ಅವರು ಕಟ್ಟಿ ಮ್ಯಾಲೆ ಕುಂಡರತಿದ್ರು. ಚಾ ಆರಿ ಹೋಗತಿತ್ತು. ಆರಿದ್ದಽ ಬೇಕು ಅವರಿಗೆ. ಕೆಮ್ಮ ಬಂದ್ರ ಎರಡು ಓಣಿಗೆ ಕೇಳಸತಿತ್ತು. ಹೋಗೂ ಮುಂದ ನನ್ನ ಕೈ ಹಿಡಿದ್ರು. ಏನೋ ಹೇಳಬೇಕಂತಿದ್ರು. ಹೇಳಲಿಲ್ಲ. ನೀರ ಕೇಳಿದ್ರೋ ಏನೋ."

ಬಾಳವ್ವನ ಕಣ್ಣು ತುಂಬಿತ್ತು. ಹತ್ತು ನಿಮಿಷ ಕಳೆಯಿತು. ಹೆಸರು ಬಂದಿರಲಿಲ್ಲ. ಪರದೆಯ ಮೂಲೆಯಲ್ಲಿ ಅಂಕ ಸೊನ್ನೆ ಎಂದು ಕಾಣುತ್ತಿತ್ತು. ಒಂಬತ್ತು ವರ್ಷದಿಂದ ಗಂಡನಿಗಾಗಿ ಅಳುತ್ತಿರುವವಳಿಗೆ ಸೊನ್ನೆ! ವಿರೂಪಾಕ್ಷನಿಗೆ ಕುಣಿಯಬೇಕೆನಿಸಿತು. ಪುರಾವೆ ಸಿಕ್ಕಿತ್ತು.

ಪಟ್ಟಿ ತೆಗೆಯಲು ಕೈ ಚಾಚಿದಾಗಲೇ ಇನ್ನೆರಡು ಸಾಲು ಬಂದವು.

"ಆಕಿ ಹೊಡದಾಳ. ನಾನೂ ಗುಂಡಕಲ್ಲು ಎತ್ತಿದ್ದೆ, ಅವರು ಮಲಗಿದ್ರು, ವಿರೂಪಾಕ್ಷ ತೊಟ್ಟಿಲದಾಗಿದ್ದ. ಕೈ ಇಳೀಲಿಲ್ಲ, ಅಷ್ಟಽ ಫರಕು."

ಪರದೆ ಕೆಂಪಾಯಿತು. "ಘಟನೆ ಗುರುತಿಸಲಾಗಿದೆ: ಕೊಲೆ ಯತ್ನ. ದಾಖಲೆಯನ್ನು ಕೇಂದ್ರಕ್ಕೆ ಕಳಿಸುವುದೇ? ಹೂಂ / ಇಲ್ಲ."

ಅವನು ಪಟ್ಟಿ ಕಿತ್ತು ತೆಗೆದ. ಬಾಳವ್ವ ಕೊರಳು ಸವರಿಕೊಳ್ಳುತ್ತ, "ಆತೇನು?" ಎಂದಳು.

"ಆತವ್ವಾ," ಎಂದ. ಪರದೆಯನ್ನು ಮಗುಚಿ ಕಿಸೆಗೆ ಹಾಕಿಕೊಂಡ.

ದಾಖಲೆಯನ್ನು ಕತ್ತರಿಸಿ ಕಳಿಸುವಂತಿರಲಿಲ್ಲ. ಯಂತ್ರ ಅದಕ್ಕೆ ಮೊಹರು ಹಾಕಿಬಿಡುತ್ತದೆ. ಕಳಿಸಿದರೆ ಪೂರ್ತಿ, ಅಳಿಸಿದರೆ ಪೂರ್ತಿ. ಕಳಿಸಿದರೆ ಗುರುಸಿದ್ದವ್ವ ಉಳಿಯುತ್ತಾಳೆ, ತಾಯಿಯ ಮೇಲೆ ವಿಚಾರಣೆ ಶುರುವಾಗುತ್ತದೆ. ಕಾಯ್ದೆಯಲ್ಲಿ ಕೊಲೆ ಯತ್ನಕ್ಕೂ ಪಟ್ಟಿಯೇ. ಅಳಿಸಿದರೆ ತಾಯಿ ಉಳಿಯುತ್ತಾಳೆ, ಶುಕ್ರವಾರ ಗುರುಸಿದ್ದವ್ವನ ತಲೆ ಬೋಳಿಸುತ್ತಾರೆ.

ಆ ದಿನ ರಜೆ ಹಾಕಿ ಕೆರೆಯ ಕಡೆಗೆ ನಡೆದ. ಅಪ್ಪ ಶಾಂತ ಮನುಷ್ಯ ಎಂದೇ ಊರೆಲ್ಲ ಹೇಳುತ್ತಿತ್ತು, ಇವನೂ ನಂಬಿದ್ದ. ಆದರೆ ಚಿಕ್ಕಂದಿನಲ್ಲಿ ಅವ್ವನ ಎಡಗೈ ಎರಡು ತಿಂಗಳು ಕಟ್ಟಿನಲ್ಲಿತ್ತಲ್ಲ? ಬಚ್ಚಲಲ್ಲಿ ಜಾರಿದೆ ಅಂದಿದ್ದಳು. ಆ ಬಚ್ಚಲಲ್ಲಿ ಅವಳು ಎಷ್ಟು ಸಲ ಜಾರಿದ್ದಳು? ಪರರ ಮನಸ್ಸಿನ ಮೂಲೆಮೂಲೆ ತಡಕಿದವನಿಗೆ ಸ್ವಂತ ಮನೆಯ ನೆಲದ ಮೇಲೆಯೇ ಅನುಮಾನ ಬಂತು. ಗೋಡೆಯ ಮೇಲಿನ ಫೋಟೊ ನೆನಪಾದರೆ ಈಗ ಅದರ ನಗು ಬೇರೆ ಥರ ಕಾಣುತ್ತಿತ್ತು. ಅವ್ವನ ಕಣ್ಣೀರು? ಅದು ಖರೆ ಇತ್ತೋ ಇಲ್ಲವೋ? ಕಲ್ಲು ಎತ್ತಿದ ಕೈಯೇ ಒಂಬತ್ತು ವರ್ಷದಿಂದ ಆ ಫೋಟೊಕ್ಕೆ ಹೂವು ಏರಿಸುತ್ತಿದೆ. ಎರಡೂ ಖರೆ ಇರಲು ಸಾಧ್ಯವೇ? ಯಂತ್ರದಲ್ಲಿ ಇದಕ್ಕೆ ಅಂಕ ಇರಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಅವನು ಕೆರೆಯ ಕಟ್ಟೆಯ ಮೇಲೆ ಕುಳಿತು "ಇಲ್ಲ" ಒತ್ತಿದ. ದಾಖಲೆ ಅಳಿಯಿತು. ಮನೆಗೆ ಬಂದು ಮೂರು ಪುಟದ ವಿವರಣೆ ಬರೆಯಲು ಕುಳಿತ. ಶಾಲೆಯ ಪೇಪರು ತಿದ್ದುತ್ತಿದ್ದ ಶಶಿಕಲಾ ಅವನ ವ್ಯಾಕರಣವನ್ನೂ ಎರಡು ಕಡೆ ತಿದ್ದಿದಳು. ಏನು, ಯಾಕೆ ಎಂದು ಕೇಳಲಿಲ್ಲ.

ಶುಕ್ರವಾರ ಕಮಿಟಿಯ ಅಧ್ಯಕ್ಷೆ ಇಂದುಮತಿ ಮೇಡಂ, ನಿವೃತ್ತ ನ್ಯಾಯಾಧೀಶೆ, ಆ ಮೂರೂ ಪುಟಗಳನ್ನು ಓದಿ ಮುಗಿಸಿ ಕಾಗದ ಕೆಳಗಿಟ್ಟರು. ಪಕ್ಕದಲ್ಲಿ ಸರದೇಸಾಯಿ ಸಾಹೇಬರು ಬೆವರುತ್ತಿದ್ದರು. ಗುರುಸಿದ್ದವ್ವ ಆ ಕೋಣೆಯಲ್ಲಿ ಇರಲಿಲ್ಲ. ಗೋಡೆಯ ಪರದೆಯ ಮೇಲೆ ಅವಳ ಸಾಲುಗಳು ಮಾತ್ರ ಬರುತ್ತಿದ್ದವು.

"ಗಾಣಿಗೇರ, ಆರು ತಿಂಗಳ ಹಿಂದೆ ಇವಳನ್ನು ಅನುಮಾನಿಸಿದವರು ನೀವೇ. ಈಗ ಶೋಧನೆ ಬೇಡ ಅಂತೀರಿ. ಒಬ್ಬ ನಿರಪರಾಧಿ ವಿಧವೆಯ ಮೇಲೆ ಪರೀಕ್ಷೆ ಮಾಡಿದೆ, ಅಂಕ ಸೊನ್ನೆ ಬಂತು ಅಂತ ಬರೆದೀರಿ. ಆ ದಾಖಲೆ ಎಲ್ಲಿ?"

"ಅಳಿಸೀನ್ರಿ."

"ಯಾರ ಮೇಲೆ ಪರೀಕ್ಷೆ ಮಾಡಿದ್ರಿ?"

"ಅದನ್ನ ಹೇಳಾಂಗಿಲ್ರಿ ಮೇಡಂ."

"ಹದಿನಾಲ್ಕನೇ ನಂಬರಿನ ಪಟ್ಟಿ ನಿನ್ನೆ ಬೆಳಿಗ್ಗೆ ಹನ್ನೊಂದು ನಿಮಿಷ ಕೆಲಸ ಮಾಡಿದೆ, ಕೇಂದ್ರದ ಹೊರಗೆ. ಸಂಜೆ ದಾಖಲೆ ಅಳಿಸಿದೆ. ಇದನ್ನು ನೋಡಿದರೆ ಯಾರಿಗಾದರೂ ಏನನ್ನಿಸುತ್ತದೆ?"

"ಅನುಮಾನ ಬರತೈತ್ರಿ. ನಿಮ್ಮ ಜಾಗಾದಾಗ ನಾ ಇದ್ರ ನನ್ನನ್ನ ಬಿಡತಿದ್ದಿಲ್ಲ."

"ಹಾಗಿದ್ದರೆ ಉತ್ತರ ಕೊಡಿ."

ವಿರೂಪಾಕ್ಷ ತನ್ನ ಕೊರಳು ಮುಟ್ಟಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ. "ನಾ ಇನ್ನೂ ಅಪರಾಧಿ ಅಲ್ರಿ. ಸುಮ್ಮ ಇರೂ ಹಕ್ಕು ನನಗ ಇನ್ನೂ ಐತಿ." ಹೇಳುವಾಗ ಅವನಿಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ಬೇರೆಯವರಿಂದ ಕಸಿದುಕೊಂಡದ್ದನ್ನು ತನಗೆ ಬೇಕಾದಾಗ ಕಿಸೆಯಿಂದ ತೆಗೆದು ತೋರಿಸುತ್ತಿದ್ದ.

"ಸುಮ್ಮನಿದ್ದವರೆಲ್ಲ ಏನೋ ಮುಚ್ಚಿಡ್ತಾರೆ ಅಂತ ನೀವೇ ವರದಿಯಲ್ಲಿ ಬರೆದಿದ್ದೀರಿ."

"ಮುಚ್ಚಿಡ್ತೀವ್ರಿ. ಎಲ್ಲಾರೂ. ಕೊಂದಾಕಿನೂ ಮುಚ್ಚಿಟ್ಟಿರಬಹುದು. ಆಕಿ ಖರೇನಽ ಮರಗ್ಯಾಳೋ ಇಲ್ಲೋ ನನಗ ಗೊತ್ತಿಲ್ಲ ಮೇಡಂ. ಗೊತ್ತಿಲ್ಲದ್ದಕ್ಕ ಹೂಂ ಅಂತ ಒತ್ತಬ್ಯಾಡ್ರಿ ಅಂತ ಹೇಳಾಕತ್ತೀನಿ." ಅವನು ಗೋಡೆಯ ಪರದೆಯ ಕಡೆ ಒಮ್ಮೆ ನೋಡಿ, "ಒಂದು ಮಾತು ಕೇಳಲೇನ್ರಿ? ನಿಮ್ಮ ತಾಯಿಯವ್ರು ನಿಮ್ಮ ತಂದಿಯವರ ಹೆಸರು ಹೇಳಿದ್ದು ನೀವು ಕೇಳೀರೇನ್ರಿ?" ಎಂದ.

ಇಂದುಮತಿ ಮೇಡಂ ಮೇಜಿನ ಮೇಲಿದ್ದ ಮೂರೂ ಪುಟಗಳನ್ನು ಸರಿಯಾಗಿ ಜೋಡಿಸಿದರು. ಅವರ ಕೊರಳಲ್ಲಿ ಏನೋ ಅದುರಿತು. ವಿರೂಪಾಕ್ಷ ಬೇಕೆಂದೇ ಕಣ್ಣು ಬೇರೆ ಕಡೆ ತಿರುಗಿಸಿದ.

ಆಗಲೇ ಒಂದೂವರೆ ಆಯಿತು. ಗೋಡೆಯ ಪರದೆಯ ಮೇಲೆ ಸಾಲು ಮೂಡಿತು. "ಕೇಳಾವ್ರ, ಊಟಾ ಆತೇನ್ರಿ?"

ಅಧ್ಯಕ್ಷೆ ಅದನ್ನು ಓದಿದರು. ಪಕ್ಕದ ಹಳದಿ ಟಿಪ್ಪಣಿಯನ್ನೂ ಓದಿದರು. ಪೆನ್ನು ತೆಗೆದುಕೊಂಡು ಬಹಳ ಹೊತ್ತು ಬರೆದರು. ಹೆಸರಿನ ಎಣಿಕೆಯ ಪದ್ಧತಿಯನ್ನು ಮರುಪರಿಶೀಲಿಸುವವರೆಗೆ ಶೋಧನೆಗೆ ತಡೆ. ಅಲ್ಲಿಯವರೆಗೆ ಕೈದಿಯ ಪಟ್ಟಿ ಬಿಚ್ಚಿ ಮಗಳ ಮನೆಗೆ ಕಳಿಸುವುದು. ಕೇಂದ್ರದ ಸಾಮಾನು ಕದ್ದು ದಾಖಲೆ ನಾಶ ಮಾಡಿದ ಆಲಿಕೆದಾರ ವಿರೂಪಾಕ್ಷ ಗಾಣಿಗೇರ ಇವತ್ತಿನಿಂದಲೇ ಅಮಾನತು. ಅವನ ಮೇಲೆ ತನಿಖೆ. ಸರದೇಸಾಯಿ ಸಾಹೇಬರ ಹಾವೂ ಸತ್ತಿತು, ಕೋಲೂ ಮುರಿಯಿತು.

ಖುರ್ಚಿ ಬಿಡುವ ಮೊದಲು ಅವನು ಕೊನೆಯ ಸಲ ತನ್ನ ಪರದೆಯ ಮುಂದೆ ಕುಳಿತ. ಮೂರು ಗಂಟೆಗೆ ಜೈಲಿನಲ್ಲಿ ಯಾರೋ ಗುರುಸಿದ್ದವ್ವನಿಗೆ ಸುದ್ದಿ ಹೇಳಿರಬೇಕು. ಬಹಳ ಹೊತ್ತು ಪರದೆ ಖಾಲಿ ಇತ್ತು. ಹಿಂದೆ ಆಗಿದ್ದರೆ ಆ ಖಾಲಿಯನ್ನೂ ಅವನು ವರದಿ ಮಾಡುತ್ತಿದ್ದ. ಪಟ್ಟಿ ಬಿಚ್ಚುವ ಹೊತ್ತಿಗೆ ಒಂದು ಸಾಲು ಬಂತು.

"ಕೇಳಾವ್ರ, ಇನ್ನ ನೀವೂ ಮನಿಗೆ ಹೋಗ್ರಿ."

ಆಮೇಲೆ ಏನೂ ಬರಲಿಲ್ಲ.

ಮನೆಗೆ ಬಂದಾಗ ಶಶಿಕಲಾ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಬಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗನ ಮುಖ ನೋಡಿ ತಾಟು ಹಾಕಿದಳು. ಅವನು ಕೈ ತೊಳೆದು ಕುಳಿತ.

"ಆಕಿ ಉಳದ್ಲೇನು?"

"ಉಳದ್ಲವ್ವಾ. ಮಗಳ ಮನಿಗೆ ಹೋಗತಾಳ."

"ಮತ್ತ ನೀನು?"

"ನನಗ ಸ್ವಲ್ಪ ದಿನಾ ರಜಾ."

ಬಾಳವ್ವ ಹೆಂಚಿನ ಮೇಲೆ ರೊಟ್ಟಿ ತಿರುವಿದಳು. ಅವನ ಕಡೆ ನೋಡದೆ ಕೇಳಿದಳು. "ನಿನ್ನೆ ಅದನ್ನ ಹಚ್ಚಿದಾಗ... ನಿನಗ ಎಲ್ಲಾ ಕಾಣಿಸಿತಲ್ಲಾ? ಕೇಳೂದಿದ್ರ ಕೇಳು. ಆವತ್ತ ಏನಾತಂದ್ರ..."

ಆ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಮುಚ್ಚಿದ್ದ ಬಾಗಿಲು ಅದು. ಒಂದು ಹೂಂ ಎಂದರೆ ತೆರೆಯುತ್ತಿತ್ತು. ಅಪ್ಪ ಎಂಥವನಿದ್ದ, ಅವ್ವ ಎಷ್ಟು ಸಲ ಕಲ್ಲಿನ ಕಡೆ ನೋಡಿದ್ದಳು, ಆ ಕೈ ಯಾಕೆ ಇಳಿಯಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಜೀವಮಾನದ ಚಟ ಅದು.

"ಏನೂ ಕಾಣಲಿಲ್ಲವ್ವಾ," ಎಂದ. "ಮಷಿನ್ ಕೆಟ್ಟಿತ್ತು."

ಬಾಳವ್ವ ತಿರುಗಿ ಅವನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳು ಆ ಮಾತನ್ನು ನಂಬಲಿಲ್ಲ, ನಂಬಿಲ್ಲವೆಂದು ಅವನಿಗೂ ಗೊತ್ತಾಯಿತು. ಅವಳು ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿ, ಮೇಲೊಂದು ಚಮಚ ಬೆಣ್ಣೆ ಇಟ್ಟು, ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದಳು.